ಬಾಯಿಲ್ಲದ ಕೊಡ

ಫ್ರೇಮಿನ ಬೆನ್ನಿಗೆ ಕಂದು ಕಾಗದ ಅಂಟಿಸಲು ಸುಮನಾ ಮೈದಾ ಗೋಂದು ಸವರುತ್ತಿದ್ದಳು. ಅಷ್ಟರಲ್ಲಿ ಆನಂದ್ ಅಂಗಡಿಗೆ ನುಗ್ಗಿದ. ಹಿಂದೆಯೇ ಅವನ ತಾಯಿ ದುರ್ಗಮ್ಮ, ಎರಡೂ ಭುಜಕ್ಕೆ ಸೆರಗು ಹೊದ್ದು.

"ಪ್ರದರ್ಶನಕ್ಕೆ ಅಂತ ನಿನ್ನೆ ಎಂಟು ಫೋಟೊ ಫ್ರೇಮ್ ಹಾಕಿ ಮನೆಗೆ ತಂದುಕೊಟ್ರಿ. ಇವತ್ತು ಏಳೇ ಇವೆ. ಅಪ್ಪ ತೆಗೆದ 'ಕೊಡ' ಇಲ್ಲ. ನಿಮ್ಮನ್ನ ಬಿಟ್ಟು ಹೊರಗಿನೋರು ಯಾರೂ ಬಂದಿಲ್ಲ!"

ಸುಮನಾಳ ಬ್ರಷ್ ನಿಂತಿತು. ತೀರಿಕೊಂಡವರ ಒಂದೇ ಒಂದು ಫೋಟೊವನ್ನೂ ಭದ್ರಾವತಿಯ ಹೊಸಮನೆ ಬಡಾವಣೆಯ ಜನ ನಂಬಿ ಅವಳ ಕೈಗೆ ಕೊಡುತ್ತಿದ್ದರು. ಆ ನಂಬಿಕೆ ಹೋದರೆ ಅಂಗಡಿಯೇ ಹೋದಂತೆ.

ಒಳಗಿನಿಂದ ಅತ್ತೆ ಸುಭದ್ರಮ್ಮ ಬಂದರು. ನಿವೃತ್ತ ಡ್ರಾಯಿಂಗ್ ಟೀಚರ್; ಬೀದಿಯಲ್ಲಿ ಏನು ಕಳೆದರೂ ಹುಡುಕಿಕೊಡುವವರು ಅವರೇ.

"ಕೂಗಾಡಬೇಡ ಮಾರಾಯ. ಸುಮನಾ, ಆ ಫೋಟೊದ್ದು ಅಳತೆಗೆ ಮಾಡಿಸಿದ ಜೆರಾಕ್ಸ್ ಕೊಡು."

ಕಾಗದದಲ್ಲಿ ಅಡ್ಡಲಾಗಿ ಒಂದು ದುಂಡು ಆಕಾರ, ಮೇಲೆ ಕಿಟಕಿ ಬೆಳಕಿನ ತ್ರಿಕೋನ, ನಡುವೆ ಸಣ್ಣ ಗುಳಿಗಳ ಸಾಲು.

"ಜಜ್ಜಿದ ಕೊಡ," ಎಂದ ಆನಂದ್.

"ಬಾಯಿ ಎಲ್ಲಿದೆಯೋ ಇದಕ್ಕೆ? ಸುಮನಾ, ನಿನ್ನೆ ಯಾರ ಕೈಗೆ ಕೊಟ್ಟೆ?"

"ದುರ್ಗಮ್ಮನವರ ಕೈಗೆ. ನೇತುಹಾಕೋ ಕೊಂಡಿ ಅಡ್ಡಕ್ಕಿದ್ರೂ ಅವರು ನೆಟ್ಟಗೆ ತಿರುಗಿಸಿ ಗೋಡೆಗೆ ಒರಗಿಸಿದ್ರು."

ಸುಭದ್ರಮ್ಮ ಕಾಗದವನ್ನು ನೆಟ್ಟಗೆ ತಿರುಗಿಸಿದರು.

"ಏಳು ಬಿಟ್ಟು ಇದೊಂದೇ ಬೇಕಾಗಿದ್ದು, ಇದು ಕೊಡ ಅಲ್ಲ ಅಂತ ಗೊತ್ತಿದ್ದವರಿಗೆ. ಯಾವ ಕಡೆ ಮೇಲೆ ಅಂತಲೂ ಗೊತ್ತಿದ್ದವರಿಗೆ. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಕೆಲವರು ಬತ್ತಲೆ ಮೈಯನ್ನ ವೃತ್ತ, ತ್ರಿಕೋನ, ಗೆರೆಗಳಾಗಿ ಕಂಡು ಫೋಟೊ ತೆಗೆದರು. ಆ ಪುಸ್ತಕಗಳನ್ನ ನಿಮ್ಮಪ್ಪ ನನ್ನ ಹತ್ತಿರದಿಂದಲೇ ಒಯ್ತಿದ್ರು. ಈ ಗುಳಿಗಳು ಬೆನ್ನುಮೂಳೆ. ಇನ್ನು..." ಅವರು ದುರ್ಗಮ್ಮನ ಕಡೆ ನೋಡಿದರು.

"ನನ್ನ ಬೆನ್ನು ಕಣೋ," ಎಂದರು ದುರ್ಗಮ್ಮ. "ಆಗ ನನಗೆ ಇಪ್ಪತ್ತೆರಡು. ನಾಚಿಕೆಗೆ ಕೊಡ ಅಂತ ಹೆಸರಿಡಿಸಿದ್ದೂ ನಾನೇ. ಊರೆಲ್ಲ ನೋಡ್ತಾರಲ್ಲ ಅಂತ ಟ್ರಂಕಿನಲ್ಲಿಟ್ಟೆ. ದಾರಿಯುದ್ದಕ್ಕೂ ಹೇಳಬೇಕು ಅಂತಿದ್ದೆ, ಬಾಯಿ ಬರಲಿಲ್ಲ. ತಪ್ಪಾಯ್ತು ಸುಮನಾ, ನಿನ್ನ ತಲೆಗೆ ಬರುತ್ತೆ ಅಂದ್ಕೊಂಡಿರಲಿಲ್ಲ ಮಾರಾಯ್ತಿ."

ಆನಂದನ ಕಿವಿ ಕೆಂಪಾಯಿತು. ಸುಮನಾಳಿಗೆ ಕೈಮುಗಿದ. "ಪ್ರದರ್ಶನಕ್ಕೆ ಬೇಡ ಬಿಡಮ್ಮ," ಎಂದ ತಾಯಿಗೆ.

"ಇರಲಿ," ಎಂದರು ದುರ್ಗಮ್ಮ. " ಆ ಬೆಳಕಿಗಾಗಿ ನಿಮ್ಮಪ್ಪ ಒಂದು ಬೆಳಗ್ಗೆಯೆಲ್ಲ ಕಾದಿದ್ರು. ಆದ್ರೆ ಕೊಡ ಅಂತಲೇ ಇರಲಿ. ಅಡ್ಡವಾಗೇ."

"ಡ್ರಾಯಿಂಗ್ ಟೀಚರುಗಳನ್ನ ಮಾತ್ರ ಕರೀಬೇಡಿ," ಎಂದರು ಸುಭದ್ರಮ್ಮ. ದುರ್ಗಮ್ಮ ನಕ್ಕುಬಿಟ್ಟರು.

ಮರುದಿನ ಫ್ರೇಮ್ ವಾಪಸ್ ಬಂತು. ಟ್ರಂಕಿನಲ್ಲಿ ಗಾಜು ಬಿರುಕು ಬಿಟ್ಟಿತ್ತು. ಸುಮನಾ ಹೊಸ ಗಾಜು ಕೂರಿಸಿದಳು, ಅಡ್ಡಕ್ಕೆ ಕೊಂಡಿ ಬಿಗಿದಳು. ಕಂದು ಕಾಗದ ಅಂಟಿಸುವ ಮೊದಲು ಒಂದು ಕ್ಷಣ ಯೋಚಿಸಿ, ಗಿಡ್ಡ ಬದಿಗೂ ಒಂದು ಕೊಂಡಿ ಹೊಡೆದು ಅದರ ಮೇಲೆ ಕಾಗದ ಎಳೆದಳು. ಪ್ರದರ್ಶನ ಮುಗಿದು ಫೋಟೊ ಮನೆಗೆ ಹೋದ ಮೇಲೆ, ದುರ್ಗಮ್ಮ ಅದನ್ನು ನೆಟ್ಟಗೆ ತಿರುಗಿಸದೆ ಇರುವುದಿಲ್ಲ. ಆಗ ಕಾಗದದಡಿಯ ಆ ಕೊಂಡಿ ಬೆರಳಿಗೆ ತಾನಾಗಿ ಸಿಗುತ್ತದೆ.

"ಒಂದು ಫ್ರೇಮಿಗೆ ಇಷ್ಟು ಹೊತ್ತೇನೇ?" ಅತ್ತೆ ಒಳಗಿನಿಂದ ಕೇಳಿದರು.

"ಗೋಂದು ಒಣಗಲಿ ಅಂತ, ಅತ್ತೆ."