ತೊಂಬತ್ತು ಕಿಲೋ ಹೆಚ್ಚು

ಬಾಯಲ್ಲಿ ತುರುಕಿದ ಬಟ್ಟೆ. ಕೈಕಾಲಿಗೆ ಪ್ಯಾಕಿಂಗ್ ಪಟ್ಟಿ. ಕತ್ತಿನವರೆಗೂ ಮೊಸರಿನ ಖಾಲಿ ಕಪ್ಪುಗಳು.

ಲಾರಿ ಓಡುತ್ತಿತ್ತು... ಸಿಮೆಂಟ್ ಕಾರ್ಖಾನೆಯ ಕುಲುಮೆಗೆ!

ತಪ್ಪು ನನ್ನದೇ ಅನ್ನಿ. ಯುರೋಪಿನ ಮೂಲೆಯ ನಮ್ಮೂರಿನ ಹೆಂಗಸರು ಕಪ್ಪುಗಳನ್ನು ಬಿಸಿನೀರಲ್ಲಿ ತೊಳೆದು, ಮುಚ್ಚಳ ಕಿತ್ತು, ಕರಗಿಸಿ ಹೊಸದು ಮಾಡಲಿ ಅಂತ ಪ್ಲಾಸ್ಟಿಕ್ಕಿನ ಹಳದಿ ಚೀಲಕ್ಕೆ ಹಾಕುತ್ತಾರೆ. ಅವು ಕೊನೆಗೆ ಎಲ್ಲಿಗೆ ಹೋಗುತ್ತವೆಂದು ಪತ್ತೆ ಮಾಡಲು ದುಡ್ಡು ಕೊಟ್ಟು ನನ್ನನ್ನು ನೇಮಿಸಿದರು. ಒಂದು ಕಪ್ಪಿಗೆ ಟ್ರ್ಯಾಕರ್ ಅಂಟಿಸಿದೆ. ಬೆನ್ನು ಹತ್ತಿದೆ. ಕಸದ ಗುತ್ತಿಗೆದಾರ ಕ್ಸಾವೆರಿಯ ಗೋದಾಮಿನಲ್ಲಿ ಸಿಕ್ಕಿಬಿದ್ದೆ.

"ಯುರೋಪಿನ ಕಸದ ಕಾನೂನು ಓದಿದೀಯೇನಯ್ಯಾ, ಪತ್ತೇದಾರ?" ಕ್ಸಾವೆರಿ ಕೇಳಿದ್ದ.

"ಐದು ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು, ಕಸಾನೇ ಮಾಡಬೇಡ. ಎರಡು, ಇದ್ದದ್ದನ್ನೇ ಮತ್ತೆ ಬಳಸು. ಮೂರು, ಕರಗಿಸಿ ಹೊಸದು ಮಾಡು. ನಾಲ್ಕು, ಸುಟ್ಟು ಶಾಖ ತಗೋ. ಐದು, ಹೂಳು."

"ಭೇಷ್! ನಾನು ನಾಲ್ಕರಲ್ಲೇ ಕೂತೆ. ಮಂಡಿನೋವು ಕಣಯ್ಯಾ... ಮೇಲೆ ಹತ್ತೋಕಾಗಲ್ಲ."

"ಕಾಗದದಲ್ಲಿ ಮೂರು ಅಂತ ಬರ್ಕೊಂಡಿದೀಯ."

"ಕಾಗದಕ್ಕೆ ಮಂಡಿ ಇಲ್ವಲ್ಲ! ಲೇ, ಇವನನ್ನೂ ತುಂಬ್ರೋ!"

ನನ್ನನ್ನು ತುಂಬುವ ಮೊದಲೇ ಲಾರಿಯ ತೂಕ ಕಸ ಸಾಗಣೆಯ ಕಾರ್ಡಿಗೆ ಏರಿತ್ತು. ಅದು ಅವನ ತಪ್ಪು.

ಲಾರಿ ನಿಂತಿತು. ಕಾರ್ಖಾನೆಯ ಬಾಗಿಲಲ್ಲಿ ಲಾರಿ ತೂಗುವ ವೇಬ್ರಿಡ್ಜ್. ಕಿಟಕಿಯಲ್ಲಿ ತೂಕ ಬರೆಯುವ ಬೊಗುಮಿಲಾ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿ. ಲಾರಿಯೊಳಗೇನಿದೆಯೆಂದು ಒಂದು ದಿನವೂ ಕೇಳಿದವಳಲ್ಲ.

"ರಾದೆಕ್, ತೊಂಬತ್ತು ಕಿಲೋ ಹೆಚ್ಚು."

"ಮಳೇಲಿ ನೆಂದಿದೆ ಮೇಡಂ," ಅಂದ ಡ್ರೈವರ್.

"ವಾರದಿಂದ ಬಿಸಿಲು."

"ತೊಂಬತ್ತು ಕಿಲೋ ಏನ್ ಮಹಾ? ಬಿಟ್ಬಿಡಿ..."

"ಕಾರ್ಡಲ್ಲಿ ಇಲ್ಲದ್ದು ಒಳಗೆ ಹೋಗಲ್ಲ. ಬಾಗಿಲು ತೆಗಿ!"

ರಾದೆಕ್ ಬಾಗಿಲು ತೆಗೆಯಲಿಲ್ಲ. ಓಡಿದ!

ತೆಗೆದವಳು ಅವಳೇ. ಕಪ್ಪುಗಳ ಜೊತೆ ನಾನೂ ಉರುಳಿದೆ. ಅವಳು ಕಿರುಚಲಿಲ್ಲ. ಬಾಯಿಯ ಬಟ್ಟೆ ಕಿತ್ತು, ಪಟ್ಟಿ ಕತ್ತರಿಸಿದಳು. ಕಪ್ಪುಗಳನ್ನು ಒಂದೊಂದಾಗಿ ಆಯ್ದು ಮತ್ತೆ ಒಳಗೆ ಹಾಕಿದಳು. ತೂಕ ನೋಡಿದಳು.

"ಈಗ ಸರಿಯಾಯ್ತು." ಬೇರೆ ಡ್ರೈವರನ್ನು ಕೂಗಿದಳು. ಗೇಟು ಎದ್ದಿತು.

"ಮೇಡಂ, ತೊಳೆದ ಕಪ್ಪುಗಳು! ಸುಡೋಕಲ್ಲ ಅವು!"

"ತೂಕ ಸರಿ ಇದೆ ಅಂದ್ನಲ್ಲ." ಪೆನ್ನು ತೆಗೆದಳು. "ಇಳಿಸಿದ್ದು ತೊಂಬತ್ತು ಕಿಲೋ. ನಿಮ್ಮನ್ನ ಯಾವ ಕಾಲಮ್ಮಿಗೆ ಬರೀಲಿ?"

"ಇನ್ನೂ ಕೆಲಸಕ್ಕೆ ಬರ್ತೀನಿ..."

ತಲೆಯಾಡಿಸಿ ಬರೆದಳು: ಮತ್ತೆ ಬಳಕೆ.

ಎರಡನೇ ಮೆಟ್ಟಿಲು. ಆ ವರ್ಷ ನಮ್ಮ ಜಿಲ್ಲೆಯಿಂದ ಅಲ್ಲಿಗೆ ಹತ್ತಿದ್ದು ನಾನೊಬ್ಬನೇ.