ಆಚೆಪೇಟೆಯ ರಾಗ

"ಯಾರ್ರೀ ಅದು ನುಡಿಸ್ತಿರೋದು?"

ಕೇಳಿದ ಮೇಲೆ ವಾಗ್ದೇವಿಗೆ ತನ್ನ ದನಿ ತನಗೇ ಜೋರೆನಿಸಿತು. ತೀರ್ಥಹಳ್ಳಿಯ ಆ ರೇಡಿಯೋ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲು, ರಸ್ತೆಯಲ್ಲಿ ಇನ್ನೊಂದು ಕಾಲು ಇಟ್ಟು ಅವಳು ನಿಂತುಬಿಟ್ಟಿದ್ದಳು. ಕಂಕುಳಲ್ಲಿ ಹೊಸನಗರದ ಶಾಲೆಯ ಕೆಟ್ಟುಹೋದ ಟೇಪ್ ರೆಕಾರ್ಡರ್.

ಒಳಗೆ ಮೇಜಿನ ಹಿಂದೆ ಒಬ್ಬ ಯುವಕ ತಲೆ ತಗ್ಗಿಸಿ, ರಿಪೇರಿಗೆ ಬಂದ ಪುಟ್ಟ ಕೀಬೋರ್ಡಿನ ಮೇಲೆ ಎಡಗೈಯ ಒಂದೇ ಬೆರಳಿನಿಂದ ನುಡಿಸುತ್ತಿದ್ದ. ಏಳೇ ಸ್ವರಗಳು. ಐದು ಹತ್ತಿ, ಎರಡು ಇಳಿಯುವ ರಾಗ. ಕೊನೆಯ ಸ್ವರವನ್ನು ಬೇಕೆಂದೇ ಎಳೆದು, ತೂಕಡಿಸುವ ಹಾಗೆ ಬಿಡುತ್ತಿದ್ದ.

ಆ ತೂಕಡಿಕೆ... ಅದು ಸೆಲ್ ಮುಗಿಯುತ್ತ ಬಂದಾಗ ಮಾತ್ರ ಕೇಳಿಸುತ್ತಿದ್ದದ್ದು. ಅದನ್ನು ಬಲ್ಲವರು ಈ ಪ್ರಪಂಚದಲ್ಲಿ ಇಬ್ಬರೇ!

ಯುವಕ ತಲೆಯೆತ್ತಿದ. ಟೇಪ್ ರೆಕಾರ್ಡರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಶಾಲೆಯ ಹೆಸರು ಓದಿಕೊಂಡ.

"ನಾನೇ ಅಕ್ಕೋರೆ. ಎಂತ ಆಗ್ಬೇಕಿತ್ತು?"

"ಈ ರಾಗ... ಎಲ್ಲಿ ಕಲ್ತ್ರಿ?"

"ಇದಾ? ಸಣ್ಣೋನಿದ್ದಾಗ ಒಂದು ವಿಡಿಯೋ ಗೇಮ್ ಆಡ್ತಿದ್ದೆ, ಅದರದ್ದು. ಕೀಲಿ ಎಲ್ಲಾ ಸರಿ ಇದಾವಾ ಅಂತ ನೋಡೋಕೆ ಇದನ್ನೇ ಬಾರಿಸ್ತೀನಿ." ಅವನು ಸಣ್ಣಗೆ ನಕ್ಕ. "ಗೇಮು ನಂದಲ್ಲ, ಬೇರೆಯವ್ರದ್ದು. ಹಾಳು ಮಾಡಿದ್ದು ಮಾತ್ರ ನಾನು."

ವಾಗ್ದೇವಿ ಅವನ ಮುಖವನ್ನೇ ನೋಡಿದಳು. 'ಶ್ಯಾಮ... ಇನ್ನೂ ತನ್ನ ಮೇಲೇ ಹಾಕ್ಕೊಳ್ತಿದಾನಲ್ಲ. ಬೇಕಂತಲೇ ಚುಚ್ತಿದಾನಾ? ನನ್ನ ಗುರುತು ಸಿಕ್ಕಿದೆಯಾ ಇವನಿಗೆ?'

"ಅದು ಸಾಗರದಲ್ಲಿ," ಎಂದಳು ಮೆಲ್ಲಗೆ. "ಎಂಬತ್ತೊಂದನೇ ಇಸವಿ."

ಅವನ ಬೆರಳು ಕೀಲಿಯ ಮೇಲೇ ಉಳಿದು ಆ ಸ್ವರ ಸುಮ್ಮನೆ ಕೂಗುತ್ತಲೇ ಇತ್ತು.

"ನೀನು... ನೀವು... ವಾಗ್ದೇವಿ?"

ಎಂಟು ವರ್ಷ ಹಿಂದಕ್ಕೆ ಹೋಗದೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ. ಆಗ ವಾಗ್ದೇವಿಗೆ ಹದಿಮೂರು, ಶ್ಯಾಮನಿಗೆ ಹದಿನಾಲ್ಕು. ಸಾಗರದಲ್ಲಿ ವಾಗ್ದೇವಿಯ ತಂದೆ ನಾರಾಯಣಮೂರ್ತಿಗಳು ಹೈಸ್ಕೂಲು ಮೇಷ್ಟ್ರು. ಅವರ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವರು ಅಂಚೆ ಕಚೇರಿಯ ಸುಬ್ಬಕೃಷ್ಣಯ್ಯ, ಅಂದರೆ ಶ್ಯಾಮನ ಅಪ್ಪ. ಹೊಡೆಯುವುದರಲ್ಲೂ ಅಂಚೆಯ ಹಾಗೇ ಸಮಯಕ್ಕೆ ಸರಿಯಾದ ಮನುಷ್ಯ.

ಆ ವರ್ಷ ವಾಗ್ದೇವಿಯ ಸೋದರಮಾವ ಬೊಂಬಾಯಿಯಿಂದ ಬರುವಾಗ ಅಂಗೈಯಗಲದ ಒಂದು ವಿಡಿಯೋ ಗೇಮ್ ತಂದುಕೊಟ್ಟರು. ಸಾಗರದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಬೂದು ಗಾಜಿನೊಳಗೆ ಇರುವೆಯಷ್ಟು ಕಪ್ಪು ಮನುಷ್ಯನೊಬ್ಬ ತಲೆಯ ಮೇಲೆ ಬುಟ್ಟಿ ಹೊತ್ತು ಮುರುಕು ಸೇತುವೆ ದಾಟಬೇಕು. ಹಲಗೆ ಬೀಳುವ ಮೊದಲೇ ಗುಂಡಿ ಒತ್ತಬೇಕು. ಅವನು ದಾಟಿ ಬಲಗಡೆ ಅಂಚಿನಲ್ಲಿ ಮಾಯವಾದ ಕೂಡಲೇ ಆ ಏಳು ಸ್ವರ!

ಅವನಿಗೆ ಬುಟ್ಟಿಮಾಮ ಎಂದು ಹೆಸರಿಟ್ಟವಳು ವಾಗ್ದೇವಿ. ದಾಟಿ ಅವನು ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದವನು ಶ್ಯಾಮ.

"ಆಚೆಪೇಟೆಗೆ," ಎಂದಿದ್ದಳು ಅವಳು, ಗೊತ್ತಿರುವವರ ಹಾಗೆ.

ಅಲ್ಲಿಂದ ಶುರು. ಗಾಜಿನ ಬಲಗಡೆಗೆ ಒಂದು ಊರೇ ಬೆಳೆಯಿತು. ಆಚೆಪೇಟೆಯಲ್ಲಿ ಹೊಳೆ ಬೆಳಿಗ್ಗೆ ಕೆಳಕ್ಕೂ ಸಂಜೆ ಮೇಲಕ್ಕೂ ಹರಿಯುತ್ತದೆ. ಬುಟ್ಟಿಮಾಮನ ಬುಟ್ಟಿಯಲ್ಲಿರುವುದು ಬೇರೆ ಊರುಗಳಲ್ಲಿ ಜನ ಕಳೆದುಕೊಂಡ ಸಾಮಾನು. ಬಸ್ಸಿನ ಕಂಡಕ್ಟರಿಗೆ ಹಾಡು ಹೇಳಿದರೆ ಟಿಕೆಟು. ಲೆಕ್ಕದ ಪರೀಕ್ಷೆ ಇಲ್ಲ, ಅದು ಶ್ಯಾಮನ ಹಟ. ಯಮುನಮ್ಮನವರ ಹತ್ತಿರ ಸಂಗೀತ ಕಲಿಯುತ್ತಿದ್ದ ವಾಗ್ದೇವಿ ಆ ಏಳು ಸ್ವರಕ್ಕೆ ಸರಿಗಮ ಹಾಕಿ ಹಾಡುತ್ತಿದ್ದಳು, ಶ್ಯಾಮ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಪಾಠ ತಪ್ಪಿದ್ದಕ್ಕೆ ಬೈಸಿಕೊಂಡ ದಿನವೂ, ಜ್ವರ ಬಂದ ದಿನವೂ ಅವರಿಗೆ ಹೋಗಲು ಒಂದು ಊರಿತ್ತು.

ಆಮೇಲೆ ಸೆಲ್ ಮುಗಿಯುತ್ತ ಬಂತು. ಬುಟ್ಟಿಮಾಮ ಮಸುಕಾದ, ರಾಗದ ಕೊನೆಯ ಸ್ವರ ತೂಕಡಿಸತೊಡಗಿತು. ಅದಕ್ಕೆ ಬೇಕಾದ ಗುಂಡಿಯಾಕಾರದ ಪುಟ್ಟ ಸೆಲ್ ಸಾಗರದಲ್ಲಿ ಸಿಗುತ್ತಿರಲಿಲ್ಲ.

ಆಗಿನ ಮನೆಗಳಲ್ಲಿ ರೇಡಿಯೋ ಸೆಲ್ ಸತ್ತರೆ ಬಿಸಾಡುತ್ತಿರಲಿಲ್ಲ. ಬಿಸಿಲಿದ್ದರೆ ಬಿಸಿಲಿಗೆ, ಇಲ್ಲದಿದ್ದರೆ ಬಚ್ಚಲೊಲೆಯ ಕಟ್ಟೆಯ ಮೇಲೆ ಇಡುತ್ತಿದ್ದರು. ಶಾಖ ಕುಡಿದ ಸೆಲ್ ಇನ್ನೆರಡು ದಿನ ವಾರ್ತೆ ಹೇಳುತ್ತಿತ್ತು. ವಾಗ್ದೇವಿಯೂ ಅದನ್ನೇ ಮಾಡಿದಳು. ಸೆಲ್ಲಿನ ಮುಚ್ಚಳ ತೆಗೆಯಲು ಬರಲಿಲ್ಲವೆಂದು ಗೇಮನ್ನು ಇಡಿಯಾಗಿಯೇ ಒಲೆಕಟ್ಟೆಯ ಮೇಲಿಟ್ಟು ಸಂಗೀತ ಪಾಠಕ್ಕೆ ಹೋದಳು. ಬಂದು ನೋಡಿದರೆ ಗಾಜು ಪೂರ್ತಿ ಕಪ್ಪು! ಸೇತುವೆಯಿಲ್ಲ, ಬುಟ್ಟಿಮಾಮನಿಲ್ಲ.

ಅದನ್ನು ತಂದು ಎಂದಿನ ಗೂಡಿನಲ್ಲಿಟ್ಟಳು.

ಸಂಜೆ ಎಲ್ಲರೂ ಸೇರಿದ್ದಾಗ ಅವಳಮ್ಮ ಸುಬ್ಬಲಕ್ಷ್ಮಮ್ಮ, "ಯಾರು ಮಾಡಿದ್ದು ಇದು?" ಎಂದರು. ವಾಗ್ದೇವಿ ಬಾಯಿ ತೆರೆಯುವ ಮೊದಲೇ...

"ನಾನು," ಎಂದ ಶ್ಯಾಮ.

ಸುಬ್ಬಕೃಷ್ಣಯ್ಯ ಛತ್ರಿ ಕೈಗೆತ್ತಿಕೊಂಡರು. ಅಂಗಳದಲ್ಲಿ ಬಿದ್ದ ಒಂದೊಂದು ಏಟನ್ನೂ ವಾಗ್ದೇವಿ ಕಂಬ ಹಿಡಿದು ಎಣಿಸಿದಳು. ಹನ್ನೊಂದು. ಒಂದೇ ಒಂದು ಮಾತು ಆಡಿದ್ದರೆ ಎರಡಕ್ಕೇ ನಿಲ್ಲುತ್ತಿತ್ತು. ಆಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸುಬ್ಬಕೃಷ್ಣಯ್ಯನವರಿಗೆ ವರ್ಗವಾಯಿತು. ಸಾಮಾನು ಲಾರಿಗೇರಿದ ದಿನ ಅವಳು ಅಟ್ಟದಲ್ಲಿ ಅಡಗಿ ಕೂತಳು.

ನಮ್ಮ ವಾಗ್ದೇವಿ ಈಗ ಮಕ್ಕಳಿಗೆ ನಿಜ ಹೇಳಬೇಕು ಎಂದು ಪಾಠ ಮಾಡುವ ಟೀಚರು. ಆ ಪಾಠದ ದಿನ ಅವಳು ಮಕ್ಕಳ ಮುಖ ನೋಡುವುದಿಲ್ಲ, ಕಿಟಕಿ ನೋಡುತ್ತಾಳೆ.

ಟೇಪ್ ರೆಕಾರ್ಡರ್ ಮುಂದಿನ ಶನಿವಾರಕ್ಕೇ ಸರಿಯಾಯಿತು. ಅದರ ಮುಂದಿನ ಶನಿವಾರ ಏಕೋ ಮತ್ತೆ ಕೆಟ್ಟಿತು. ಮೂರನೆಯ ಸಲ ಕೆಟ್ಟಾಗ ಹೆಡ್ ಮಾಸ್ಟರು ಮಂಜಯ್ಯನವರು ಕನ್ನಡಕದ ಮೇಲಿಂದ ನೋಡಿದರು.

"ಅಲ್ಲ ಅಕ್ಕೋರೆ, ಇದು ಶನಿವಾರನೇ ಯಾಕೆ ಕೆಡ್ತದೆ?"

ವಾಗ್ದೇವಿ ಟೇಪ್ ರೆಕಾರ್ಡರನ್ನು ಕಂಕುಳಿಗೆ ಸೇರಿಸಿದಳು. ಅರ್ಧ ದಿನದ ಶಾಲೆ ಮುಗಿಸಿ ಹುಂಚದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅವರಿಬ್ಬರೂ ಮಾತಾಡುತ್ತಿದ್ದದ್ದು ಹೆಚ್ಚಾಗಿ ಆಚೆಪೇಟೆಯ ಬಗ್ಗೆಯೇ. ಅವಳು ಮರೆತ ಬೀದಿ ಅವನಿಗೆ ನೆನಪಿರುತ್ತಿತ್ತು, ಅವನು ಮರೆತ ಹೆಸರು ಅವಳಿಗೆ. 'ನೀವು' ಹೋಗಿ 'ನೀನು' ಯಾವಾಗ ಬಂತೋ ಇಬ್ಬರೂ ಗಮನಿಸಲಿಲ್ಲ. ಆದರೆ ಮಾತು ಆ ಕಪ್ಪಾದ ಗಾಜಿನ ಹತ್ತಿರ ಬಂದಾಗೆಲ್ಲ ವಾಗ್ದೇವಿ ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದಳು.

'ನನಗೋಸ್ಕರ ಏಟು ತಿಂದವನು ಇವನು. ನಾನು ಹೇಡಿ ಅಂತ ಇವನಿಗೆ ಗೊತ್ತು. ಗೊತ್ತಿದ್ದೂ ಇಷ್ಟು ಚೆನ್ನಾಗಿ ಮಾತಾಡ್ತಾನೆ. ಬಾಯಿಬಿಟ್ಟು ಹೇಳಿದ್ರೆ... ಈ ಮಾತೂ ನಿಂತುಹೋದ್ರೆ?'

ಒಂದು ಮಂಗಳವಾರ ಶ್ಯಾಮ ಟಿವಿಯ ಆಂಟೆನಾ ಕಟ್ಟಲು ಹೊಸನಗರಕ್ಕೇ ಬಂದ. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದ.

"ಸುತ್ತಿ ಬಳಸಿ ಹೇಳೋಕೆ ಬರಲ್ಲ ನಂಗೆ," ಎಂದ ನೆಲ ನೋಡುತ್ತ. "ಒಂದು ಭಾನುವಾರ ಅಪ್ಪ ಅಮ್ಮನ್ನ ಕರ್ಕೊಂಡು ಸಾಗರಕ್ಕೆ, ನಿಮ್ಮನೆಗೆ ಬರ್ಲಾ? ನಿನ್ನ ಕೇಳೋಕೆ."

ಅವಳ ಕಣ್ಣು ತುಂಬಿತು. ಹೂಂ ಎನ್ನಲು ಬಾಯಿ ತೆರೆದಳು... ಛತ್ರಿಯ ಸದ್ದು ಕಿವಿಯಲ್ಲಿ ಕೇಳಿತು. ಸುಬ್ಬಕೃಷ್ಣಯ್ಯ ಅವಳ ಮನೆಯ ಜಗುಲಿಯ ಮೇಲೆ ಕೂತು, ತಪ್ಪು ಮಾಡಿದ ಮಗನ ಅಪ್ಪನಾಗಿ ತಲೆ ತಗ್ಗಿಸುವುದು ಕಂಡಿತು.

"ಗಂಟೆ ಹೊಡೀತು. ಹೋಗ್ತೀನಿ," ಎಂದವಳೇ ಓಡಿಬಿಟ್ಟಳು.

ಗಂಟೆ ಹೊಡೆದಿರಲಿಲ್ಲ. ಅದು ಶ್ಯಾಮನಿಗೂ ಗೊತ್ತಿತ್ತು.

ಎರಡು ಶನಿವಾರ ಕಳೆದವು. ಅವಳು ಹೋಗಲಿಲ್ಲ, ಅವನಿಂದ ಸುದ್ದಿಯಿಲ್ಲ. ಊಟ ಸೇರುತ್ತಿರಲಿಲ್ಲ, ಮಕ್ಕಳಿಗೆ ಕಾರಣವಿಲ್ಲದೆ ಗದರುತ್ತಿದ್ದಳು. ಮೂರನೆಯ ಶನಿವಾರ ಕೈಯಲ್ಲಿ ಏನೂ ಇಲ್ಲದೆ ತೀರ್ಥಹಳ್ಳಿಯಲ್ಲಿ ಇಳಿದಳು. 'ಹೇಳಿಬಿಡ್ತೀನಿ. ಅವನು ಹೋಗು ಅಂದ್ರೆ ಹೋಗ್ತೀನಿ. ಇದನ್ನ ಬಚ್ಚಿಟ್ಕೊಂಡು ಅವನ ಮನೆ ಸೇರಲಾರೆ.'

ಶ್ಯಾಮ ಅವಳನ್ನು ನೋಡಿ ಎದ್ದು ನಿಂತ. ಅವಳಿಗಿಂತ ಮೊದಲು ಅವನೇ ಮಾತಾಡಿದ.

"ನಿನ್ನ ಉತ್ತರ ಗೊತ್ತಾಯ್ತು ವಾಗ್ದೇವಿ. ಇಷ್ಟು ದೂರ ಬಂದು ಹೇಳ್ಬೇಕಂತ ಇರ್ಲಿಲ್ಲ. ಆ ಆಟ ಅಂದ್ರೆ ನಿಂಗೆ ಜೀವ. ಅದನ್ನ ಹಾಳು ಮಾಡ್ದೋನ ಮೇಲೆ ಕೋಪ ಇರ್ತದೆ. ನಾವು ಊರು ಬಿಡೋ ದಿನ ಮುಖನೂ ತೋರಿಸ್ಲಿಲ್ಲ ನೀನು, ಅವತ್ತೇ ಗೊತ್ತಾಗಿತ್ತು ನಂಗೆ."

ವಾಗ್ದೇವಿ ದಂಗಾಗಿ ನೋಡಿದಳು. ಇವನು ಏನು ಹೇಳುತ್ತಿದ್ದಾನೆ?

"ಶ್ಯಾಮ... ಅದನ್ನ ಹಾಳು ಮಾಡಿದ್ದು ನಾನು."

"ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನಕ್ಕಲ್ಲ. ಸೆಲ್ಲಿಗೆ ಶಾಖ ಬರ್ಲಿ ಅಂತ ಬಚ್ಚಲೊಲೆ ಕಟ್ಟೆ ಮೇಲಿಟ್ಟು ಪಾಠಕ್ಕೆ ಹೋಗಿದ್ದೆ. ಬಂದಾಗ ಕಪ್ಪಾಗಿತ್ತು. ನೀನು 'ನಾನೇ' ಅಂತ ಒಪ್ಕೊಂಡು ಏಟು ತಿಂದೆ, ನಾನು ಕಂಬ ಹಿಡ್ಕೊಂಡು ನೋಡ್ತಾ ನಿಂತೆ. ಅಟ್ಟದಲ್ಲಿ ಅಡಗಿ ಕೂತಿದ್ದು ಕೋಪಕ್ಕಲ್ಲ... ಮುಖ ತೋರಿಸೋ ಧೈರ್ಯ ಇರ್ಲಿಲ್ಲ."

ಹೇಳಿ ಮುಗಿಸಿದಳು. ಗಿರಾಕಿಗಳ ಬೆಂಚಿನ ಮೇಲೆ ಕೂತಳು.

ಶ್ಯಾಮ ನಿಧಾನವಾಗಿ ಕೂತ. "ಎಷ್ಟು ಹೊತ್ತು ಇಟ್ಟಿದ್ದೆ?"

"ಒಂದೂವರೆ ಗಂಟೆ."

"ಬೆಂಕಿ ಜೋರಿತ್ತಾ?"

"ಅಪ್ಪನ ಸ್ನಾನಕ್ಕೆ ನೀರು ಕಾಯ್ತಿತ್ತು."

"ಹಂಗಾದ್ರೆ... ಪಿನ್ನು?" ಅವನು ತನ್ನಷ್ಟಕ್ಕೇ ಕೇಳಿಕೊಂಡ. "ಹಿಂದಿನ ಸಂಜೆ ನೀನಿಲ್ಲದಾಗ, ಅದರ ಹಿಂದೆ ಒಂದು ಸಣ್ಣ ತೂತಿತ್ತಲ್ಲ, ಅದಕ್ಕೆ ಅಮ್ಮನ ಪಿನ್ನು ಹಾಕಿ ಒತ್ತಿದ್ದೆ. ಗೇಮು ಒಂದು ಸಲ ಕೀರ್ ಅಂತು. ಮಾರನೇ ದಿನ ಕಪ್ಪಾಗಿತ್ತು. ನಾನೇ ಕೊಂದೆ ಅಂದ್ಕೊಂಡೆ."

"ಅಂದ್ರೆ... ನನ್ನ ಉಳಿಸೋಕೆ ಅಂತ ಒಪ್ಕೊಂಡಿದ್ದಲ್ವಾ ನೀನು?"

"ಎಂತ ಉಳಿಸೋದು ಮಾರಾಯ್ತಿ. ನಾನೇ ಅಂತ ನಂಬಿದ್ದೆ ನಾನು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಂಟು ವರ್ಷ! ಒಂದೇ ತಪ್ಪನ್ನು ಇಬ್ಬರೂ ಪೂರ್ತಿ ಪೂರ್ತಿ ಹೊತ್ತಿದ್ದರು, ಹಂಚಿಕೊಂಡಿದ್ದರೂ ಸ್ವಲ್ಪ ಹಗುರಾಗುತ್ತಿತ್ತು.

ಶ್ಯಾಮ ನಗಲು ಶುರು ಮಾಡಿದ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. "ಆ ತೂತಿಗೆ ಪಿನ್ನು ಹಾಕಿದ್ರೆ ಗೇಮು ಮೊದಲಿಂದ ಶುರು ಆಗ್ತದೆ ಅಷ್ಟೇ. ಅಂಥ ತೂತಿರೋ ಗಡಿಯಾರ ಎಷ್ಟೋ ರಿಪೇರಿ ಮಾಡಿದೀನಿ, ನಾನೇ ದಿನಾ ಒತ್ತುತೀನಿ. ಆದ್ರೆ ಅದೊಂದನ್ನ ಮಾತ್ರ ಯಾವತ್ತೂ ಯೋಚಿಸಿ ನೋಡ್ಲಿಲ್ಲ ನೋಡು. ಇವತ್ತಿಗೆ ಎದೆ ಮೇಲಿದ್ದ ಕಲ್ಲು ಇಳೀತು."

"ಸಿಟ್ಟಿಲ್ವಾ ನಿಂಗೆ?"

ಅವನು ಯೋಚಿಸಿದ. "ಇಲ್ಲ ಅಂದ್ರೆ ಸುಳ್ಳಾಗ್ತದೆ. ಸ್ವಲ್ಪ ಇದೆ. ಒಂದು ಕಾರ್ಡು ಬರೀಬಹುದಿತ್ತು. ಅಪ್ಪ ಅಂಚೆ ಕಚೇರಿಲೇ ಇದ್ರು, ತಪ್ಪದೇ ತಲುಪ್ತಿತ್ತು."

"ಅದಕ್ಕೇ ಬರೀಲಿಲ್ಲ. ಅವರೇ ಮೊದ್ಲು ಓದ್ತಾರೆ ಅಂತ."

ಅವನಿಗೆ ಮತ್ತೆ ನಗು ಬಂತು. ಈ ಸಲ ಅವಳಿಗೂ ಬಂತು, ಅಳುವಿನ ನಡುವೆಯೇ. ಎಷ್ಟೋ ವರ್ಷದ ಮೇಲೆ ಉಸಿರು ಎದೆಯ ತಳದವರೆಗೆ ಇಳಿದ ಹಾಗಾಯಿತು. ಹಸಿವೂ ಆಯಿತು. ಬೆಳಿಗ್ಗೆಯಿಂದ ತಿಂಡಿ ತಿಂದಿಲ್ಲವೆಂದು ಆಗ ನೆನಪಾಯಿತು.

ಶ್ಯಾಮ ಅಂಗಡಿಯ ಬಾಗಿಲೆಳೆದು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದ. ಅವಳು ಎರಡು ಪ್ಲೇಟ್ ಇಡ್ಲಿ ಮುಗಿಸುವವರೆಗೂ ಸುಮ್ಮನೆ ನೋಡುತ್ತಿದ್ದ.

"ಹೇಳೋದು ಮುಗೀತಾ, ಇನ್ನೂ ಏನಾದ್ರೂ ಇದ್ಯಾ?"

"ಒಂದಿದೆ."

"ಇನ್ನೂ ಎಂತ ಸುಟ್ಟೆ?"

"ಸುಟ್ಟಿಲ್ಲ." ಅವಳು ತಲೆ ತಗ್ಗಿಸಲಿಲ್ಲ, ಅವನ ಕಣ್ಣನ್ನೇ ನೋಡಿದಳು. "ನಂಗೆ ನೀನು ಬೇಕು ಶ್ಯಾಮ. ನಾಳೆ ಭಾನುವಾರ. ಕರ್ಕೊಂಡು ಬಾ ಅಪ್ಪ ಅಮ್ಮನ್ನ. ಅವರು ಬಂದು ಜಗುಲಿ ಮೇಲೆ ಕೂತ ಕೂಡ್ಲೇ, ಎಲ್ರೆದುರಿಗೆ, ಅವತ್ತು ಹೇಳದೇ ಇದ್ದದ್ದನ್ನ ನಾನೇ ಹೇಳ್ತೀನಿ. ಆಮೇಲೆ ಅವರು ನನ್ನ ಬೇಡ ಅಂದ್ರೂ ಸರಿ."

ಶ್ಯಾಮ ಲೋಟದ ನೀರು ಅರ್ಧ ಕುಡಿದು ಕೆಳಗಿಟ್ಟ.

"ಕಾಫಿ ಕೊಟ್ಟ ಮೇಲೆ ಹೇಳು," ಎಂದ. "ಕಾಫಿ ಕುಡಿದ್ರೆ ಅಪ್ಪ ಸ್ವಲ್ಪ ತಣ್ಣಗಿರ್ತಾರೆ."

"ನೀನು ಪಕ್ಕದಲ್ಲಿರ್ತೀಯಲ್ಲ?"

"ಇರ್ತೀನಿ ಮಾರಾಯ್ತಿ. ಇನ್ನು ಎಲ್ಲಿಗೆ ಹೋಗ್ಲಿ ನಾನು?"