ಉಕ್ಕುಗಿವಿ ಕಲಿತ ಮೂರು ಪೆಟ್ಟು

ಉಡಾವಣಾ ಗೋಪುರದ ನಾಲ್ಕು ಕಾಲುಗಳಿಗೂ ಅಂಟಿಸಿದ್ದ ಉಕ್ಕುಗಿವಿ ಅಂದು ಬೆಳಿಗ್ಗೆಯೂ ಕೆಂಪು ದೀಪ ಹೊತ್ತಿಸಿ ಕೂತಿತು. ಸತತ ಮೂರನೆಯ ದಿನ! ಉಕ್ಕಿನೊಳಗಿನ ಸಣ್ಣ ನಡುಕವನ್ನೂ ಆಲಿಸಿ, ಎಲ್ಲಿ ಬಿರುಕು, ಎಲ್ಲಿ ಸಡಿಲ ಎಂದು ಹೇಳಬೇಕಾದ ಯಂತ್ರ ಅದು. ಆರು ತಿಂಗಳು ಗೋಪುರದ ಸದ್ದನ್ನೆಲ್ಲ ಕೇಳಿಸಿ, ಆರೋಗ್ಯವೆಂದರೆ ಹೀಗೆ ಎಂದು ಅದಕ್ಕೆ ಕಲಿಸಿದ್ದವಳು ಎಂಜಿನಿಯರ್ ನಿರುಪಮಾ. ಈಗ ನೋಡಿದರೆ ಜಾಗ ತೋರಿಸದೆ, 'ಗೋಪುರ ಸರಿಯಿಲ್ಲ' ಎಂದಷ್ಟೇ ಹಟ ಹಿಡಿದಿತ್ತು. ಅದು ಹಸಿರು ತೋರದೆ ರಾಕೆಟ್ಟಿಗೆ ಇಂಧನ ತುಂಬುವಂತಿಲ್ಲ. ಅಂದು ಮಧ್ಯಾಹ್ನ ಹನ್ನೆರಡರೊಳಗೆ ತುಂಬಲು ಶುರುಮಾಡದಿದ್ದರೆ ಮಂಗಳನ ದಾರಿ ಮತ್ತೆ ತೆರೆಯುವುದು ಎರಡು ವರ್ಷಕ್ಕೆ.

"ನಿಮ್ಮ ಯಂತ್ರಕ್ಕೆ ಇನ್ನೇನು ಬೇಕಂತೆ, ಕೇಳಿ ಹೇಳಿ," ಎಂದು ನಿರ್ದೇಶಕರು ಫೋನಿನಲ್ಲಿ ಚುಚ್ಚಿದರು.

ನಿರುಪಮಾಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹಳೆಯ ಧ್ವನಿಮುದ್ರಣಗಳನ್ನು ಮತ್ತೆ ಕೇಳಿದಳು. ಪ್ರತಿದಿನ ಬೆಳಿಗ್ಗೆ ಆರಕ್ಕೆ ಟಣ್, ಟಣ್, ಟಣ್. ಮೂರು ದಿನದಿಂದ ಅದಿಲ್ಲ.

ಮೌಲಾಸಾಬರು! ಗೋಪುರ ಹತ್ತುವ ಮುನ್ನ ಬೋಲ್ಟ್ ಬಿಗಿಯುವ ಪಾನಾದಿಂದ ಅದರ ಕಾಲಿಗೆ ಮೂರು ಪೆಟ್ಟು ತಟ್ಟುತ್ತಿದ್ದ ಹಿರಿಯ ಫಿಟ್ಟರ್. ಯಂತ್ರ ಬಂದ ಮೇಲೆ ಅವರೇಕೆ ಎಂದು ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕಿದ್ದವಳೂ ಅವಳೇ. ಎಂಥ ದಡ್ಡತನ! ಅವರ ಪೆಟ್ಟನ್ನೂ ಯಂತ್ರ ಗೋಪುರದ ಆರೋಗ್ಯವೆಂದೇ ಕಲಿತುಬಿಟ್ಟಿತ್ತು.

ಜೀಪು ಅವರನ್ನು ಕರೆತರುವಾಗ ಹನ್ನೊಂದೂವರೆ.

"ಕಾಕಾ, ಮೂರು ಸಲ ತಟ್ಟಿಬಿಡಿ, ಸಾಕು."

"ಅಷ್ಟಕ್ಕ ಕರಿಸೀರೇನ್ರಿ?"

ತಟ್ಟಿದರು. ಹಸಿರು! ನಿಯಂತ್ರಣ ಕೊಠಡಿಯ ಚಪ್ಪಾಳೆ ಫೋನಿನಲ್ಲಿ ಕೇಳಿಸಿತು. ನಿರುಪಮಾಗೆ ಹೋದ ಜೀವ ಬಂದಂತಾಯಿತು.

ಮೌಲಾಸಾಬರು ಮಾತ್ರ ಗೋಪುರದ ಕಾಲಿಗೆ ಕಿವಿ ಹಚ್ಚಿ ನಿಂತೇ ಇದ್ದರು. ಇನ್ನೊಮ್ಮೆ ತಟ್ಟಿದರು.

"ಅಕ್ಕಾರ, ಮೊನ್ನೆ ಗೋಪುರದ ಮ್ಯಾಲಿನ ತೋಳು ತಿರುಗ್ಸಿ ನೋಡೀರೇನು?"

"ಹೌದು. ಯಾಕೆ?"

"ಸದ್ದು ಒಡಕ ಬರಾಕತ್ತೈತಿ. ಎಲ್ಲೋ ಬೋಲ್ಟ್ ಸಡ್ಲಾಗೈತಿ. ನಾ ದಿನಾ ಸುಮ್ಮನ ತಟ್ತಿದ್ನೇನ್ರಿ? ಇದನ್ನ ಕೇಳಾಕ ತಟ್ತಿದ್ದೆ."

"ಇಂಧನ ತುಂಬೋಣವೇ?" ಫೋನಿನಲ್ಲಿ ನಿರ್ದೇಶಕರು ಅವಸರಪಡಿಸಿದರು.

ಹಸಿರು ದೀಪ ಉರಿಯುತ್ತಲೇ ಇತ್ತು. ಹನ್ನೆರಡಕ್ಕೆ ಇನ್ನು ಇಪ್ಪತ್ತು ನಿಮಿಷ.

"ಬೇಡ ಸರ್. ನಿಲ್ಲಿಸಿ."

"ಹಸಿರಿದೆಯಲ್ಲರೀ!"

"ಅದು ಇವರ ಪೆಟ್ಟಿಗೆ ಬಂದ ಹಸಿರು, ಸರ್. ಗೋಪುರಕ್ಕಲ್ಲ."

ಮಂಗಳನ ದಾರಿ ಇನ್ನೆರಡು ವರ್ಷ ಮುಚ್ಚಿದಂತೆಯೇ. ನಿರುಪಮಾಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ತಲೆಯ ಮೇಲಿದ್ದ ಹೆಲ್ಮೆಟ್ ತೆಗೆದು ಮೌಲಾಸಾಬರ ಕೈಗಿಟ್ಟಳು.

"ಯಾವ ಬೋಲ್ಟು, ತೋರಿಸಿ ಕಾಕಾ," ಎಂದಳು. "ಹಾಗೇ ಉಕ್ಕಿನ ಸದ್ದು ಕೇಳೋದು ಹೇಗೆ ಅಂತ ನನಗೂ ಕಲಿಸಿ."